ಡೇಲಿಯಾ ಗೆಡ್ಡೆಗಳ ಚಳಿಗಾಲ

ಜೈನಬ್ ಅಡುಗೆಮನೆಯ ತೆರೆದ ಕಿಟಕಿಯಿಂದ ಹೊರಗೆ ನೋಡಿದಾಗ ಹಿತ್ತಲಿನ ಬೇಲಿಯಾಚೆ ಗಂಡಸೊಬ್ಬ ನಿಂತಿದ್ದ. ಕೈಯಲ್ಲಿ ಉದ್ದ ಹಿಡಿಯ, ನಾಲ್ಕು ಹಲ್ಲಿನ ಕಬ್ಬಿಣದ ಸಲಕರಣೆ. ದೃಷ್ಟಿ ಅವಳ ಹೂಗಿಡಗಳ ಮೇಲೆ.

2022ರ ಅಕ್ಟೋಬರಿನ ಒಂದು ಭಾನುವಾರ ಅದು. ಅಮೆರಿಕದ ರಾಕ್‌ವಿಲ್‌ನ ಆ ಟೌನ್‌ಹೌಸನ್ನು ಅವಳು ಕೊಂಡು ಎರಡು ತಿಂಗಳಾಗಿತ್ತು. ಹಿತ್ತಲಿನಲ್ಲಿ ಹೂ ಬಿಟ್ಟಿರುವುದು ಅವಳಿಗೆ ಗೊತ್ತಿತ್ತು. ಹತ್ತಿರ ಹೋಗಿ ನೋಡಿರಲಿಲ್ಲ.

"ಸೌಮ್ಯಾ, ಲೈನಲ್ಲೇ ಇರು," ಎಂದಳು ಫೋನಿನಲ್ಲಿದ್ದ ಗೆಳತಿಗೆ. "ಹಿಂದ್ಗಡೆ ಯಾರೋ ಗುದ್ದಲಿ ಹಿಡ್ಕೊಂಡು ನಿಂತಿದಾರೆ."

ಗಾಜಿನ ಬಾಗಿಲು ಸರಿಸಿದ್ದೇ ತಡ, ಆ ಮನುಷ್ಯ ಎರಡೂ ಕೈ ಮೇಲೆತ್ತಿದ. ಸಲಕರಣೆಯೂ ಮೇಲೆ ಹೋಯಿತು. ಅದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು.

"ಗುದ್ದಲಿ ಅಲ್ಲ, ಫೋರ್ಕು," ಎಂದ, ಅಚ್ಚ ಕನ್ನಡದಲ್ಲಿ. "ನಾನು ಕಳ್ಳನೂ ಅಲ್ಲ. ಈ ಮನೇಲಿ ಮುಂಚೆ ಬಾಡಿಗೆಗಿದ್ದೆ. ಬೆಲ್ ಒತ್ತಿ ಒತ್ತಿ ಸಾಕಾಯ್ತು, ನಿಮ್ಮ ಬೆಲ್ ಕೆಲಸ ಮಾಡ್ತಿಲ್ಲ."

"ಹೌದಾ? ಗೊತ್ತೇ ಇರಲಿಲ್ಲ." ಆ ಮನೆಯ ಬೆಲ್ ಒತ್ತುವವರು ಯಾರೂ ಇರಲಿಲ್ಲ.

ಫೋನ್ ಸ್ಪೀಕರಿನಲ್ಲಿತ್ತು. "ಏಯ್, ಯಾರೇ ಅದು? ವಾಯ್ಸ್ ಚೆನ್ನಾಗಿದೆ ಕಣೇ!" ಎಂದಳು ಸೌಮ್ಯಾ.

ಆತ ನಗು ತಡೆಯಲು ಬೇಲಿಯ ಕಡೆ ತಿರುಗಿಕೊಂಡ. ಜೈನಬ್ ಫೋನ್ ಕಟ್ ಮಾಡಿದಳು. ಹಿಂದೆಲ್ಲ ಆಗಿದ್ದರೆ ನಾಚಿಕೆಯಿಂದ ಕೆನ್ನೆ ಕೆಂಪಾಗುತ್ತಿತ್ತು. ಈಗ ಏನೂ ಆಗಲಿಲ್ಲ.

ಅವನ ಹೆಸರು ಇಜಾಜ್. ತರೀಕೆರೆಯವನು. ಅವನಿದ್ದ ಮನೆಯನ್ನು ಓನರು ಮಾರಿದ ಮೇಲೆ ನದಿಯಾಚೆಯ ಶ್ಯಾಂಟಿಲಿಯಲ್ಲಿ ಮೂರನೇ ಮಹಡಿಯ ಅಪಾರ್ಟ್‌ಮೆಂಟು ಹಿಡಿದಿದ್ದ. ಆಫೀಸಿಗೆ ಹತ್ತಿರ, ಮಣ್ಣಿಗೆ ದೂರ. ತಾನು ನೆಟ್ಟ ಗಿಡಗಳನ್ನು ಬೇಸಿಗೆಯ ನಡುವೆ ಕಿತ್ತರೆ ಸಾಯುತ್ತವೆಂದು ಬಿಟ್ಟು ಹೋಗಿದ್ದ.

"ಸುಗಂಧಿ ಗಿಡ ನೆಲದಲ್ಲೇ ಇರಬಹುದು. ಗೋಡೆ ಪಕ್ಕ ಬೆಚ್ಚಗಿರತ್ತೆ, ಮೇಲೆ ಎಲೆ ಹೊದಿಸಿದ್ರೆ ಸಾಕು. ಡೇಲಿಯಾ ಹಾಗಲ್ಲ, ಇಲ್ಲಿನ ಚಳಿಗೆ ನೆಲದಲ್ಲಿ ಬಿಟ್ರೆ ಕೊಳೆಯತ್ತೆ. ಫಸ್ಟ್ ಫ್ರಾಸ್ಟ್, ಅಂದ್ರೆ ಹಿಮದ ಇಬ್ಬನಿ, ಬಿದ್ದು ಎಲೆ ಕಪ್ಪಾದ ಮೇಲೆ ಗೆಡ್ಡೆ ತೆಗೀಬೇಕು. ಆವಾಗ ಬರಲಾ?"

"ಬನ್ನಿ."

"ನೀವು ಬೇಡ ಅಂದ್ರೆ…"

"ಬನ್ನಿ ಅಂದೆನಲ್ಲ."

ಎರಡು ವರ್ಷದ ಹಿಂದೆ ಡಿವೋರ್ಸ್ ಆದ ದಿನ ಜೈನಬ್ ಅಳಲಿಲ್ಲ. ಎಷ್ಟು ಧೈರ್ಯ ಎಂದು ಎಲ್ಲರೂ ಹೊಗಳಿದರು. ನಿಜವಾಗಿ ಅವಳಿಗೆ ಏನೂ ಅನ್ನಿಸಿರಲಿಲ್ಲ, ಅಷ್ಟೆ. ಆಮೇಲೂ ಅನ್ನಿಸಲಿಲ್ಲ. ಲ್ಯಾಬಿಗೆ ಹೋಗುತ್ತಿದ್ದಳು, ಸ್ಯಾಂಪಲ್‌ಗಳನ್ನು ಟೆಸ್ಟ್ ಮಾಡುತ್ತಿದ್ದಳು, ರಂಜಾನ್ ಬಂದರೆ ಉಪವಾಸ ಹಿಡಿಯುತ್ತಿದ್ದಳು. ಮೈಸೂರಿನಿಂದ ಅಮ್ಮಿ ಫೋನಿನಲ್ಲಿ ಅತ್ತರೆ ಸಮಾಧಾನ ಮಾಡುತ್ತಿದ್ದಳು. ಉಪ್ಪು ಕಮ್ಮಿಯಾದ ಸಾರನ್ನು ಕಮ್ಮಿಯಾಗಿದೆಯೆಂದು ತಿಳಿಯದೇ ಉಂಡು ಏಳುತ್ತಿದ್ದಳು.

ಫ್ರಾಸ್ಟ್ ಬಿದ್ದದ್ದು ನವೆಂಬರಿನಲ್ಲಿ. ರಾತ್ರಿ ಬೆಳಗಾಗುವುದರೊಳಗೆ ಡೇಲಿಯಾ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು. ಆ ಶನಿವಾರ ಇಜಾಜ್ ಬಂದ. ರಟ್ಟಿನ ಪೆಟ್ಟಿಗೆಗಳ ಜೊತೆಗೆ ಮೊಲ ಸಾಕುವವರು ಗೂಡಿಗೆ ಹಾಸುವ ಮರದ ಸಿಪ್ಪೆಯ ದೊಡ್ಡ ಚೀಲವನ್ನೂ ತಂದಿದ್ದ.

"ಮೊಲ ಎಲ್ಲಿ ಅಂತ ಅಂಗಡಿ ಹುಡುಗಿ ಕೇಳಿದ್ಲು," ಎಂದ. "ಮನೇಲಿ ಮಲಗಿವೆ ಅಂದೆ."

ಕಾಂಡಗಳನ್ನು ಗೇಣುದ್ದ ಬಿಟ್ಟು ಕತ್ತರಿಸಿದ. ಬುಡದಿಂದ ದೂರ ಫೋರ್ಕು ಊರಿ, ಸುತ್ತಲೂ ಮೆಲ್ಲಗೆ ಮೀಟಿದ. ಮಣ್ಣು ಸಡಿಲವಾಗಿ, ಗೆಣಸಿನ ಗೊಂಚಲಿನಂಥ ಗೆಡ್ಡೆ ಮೇಲೆ ಬಂತು. ಜೈನಬ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ಕರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಕೋಟು ಹಾಕಿಕೊಂಡು ಇಳಿದು ಬಂದಳು.

"ಇಲ್ನೋಡಿ, ಕತ್ತಿನ ಹತ್ರ ಸಣ್ಣ ಗುಳ್ಳೆ ಥರ ಇದೆಯಲ್ಲ? ಅದು ಕಣ್ಣು. ಅಲ್ಲಿಂದಲೇ ಚಿಗುರೋದು. ಕತ್ತು ಮುರಿದ್ರೆ ಗೆಡ್ಡೆ ಎಷ್ಟು ದಪ್ಪ ಇದ್ರೂ ಪ್ರಯೋಜನ ಇಲ್ಲ."

ಅವಳು ಬಗ್ಗಿ ನೋಡಿದಳು. ತಲೆಯೆತ್ತಿದಾಗ ಅವನು ಗೆಡ್ಡೆಯನ್ನು ನೋಡುತ್ತಿರಲಿಲ್ಲ. ಸಿಕ್ಕಿಬಿದ್ದವನು ತಕ್ಷಣ ಹೋಸ್ ಪೈಪಿನ ಗಂಟು ಬಿಡಿಸತೊಡಗಿದ. ಅದರಲ್ಲಿ ಗಂಟೇ ಇರಲಿಲ್ಲ. ಅವನ ಕಿವಿಯ ತುದಿ ಚಳಿಗೆ ಆಗುವುದಕ್ಕಿಂತ ಹೆಚ್ಚು ಕೆಂಪಾಗಿರುವುದನ್ನು ಅವಳು ಗಮನಿಸಿದಳು. ಲ್ಯಾಬಿನಲ್ಲಿ ರೀಡಿಂಗ್ ಗಮನಿಸುವ ಹಾಗೆ.

ಅವರಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು. "ಮನೇಲೆಲ್ಲ ನಮ್ಮದೂ ಉರ್ದುನೇ," ಎಂದ ಇಜಾಜ್ ಟೀ ಕುಡಿಯುತ್ತ. "ನಿಮಗೆ ಉರ್ದು ಇಷ್ಟ ಇಲ್ವಾ?"

"ನಮ್ಮ ಮೈಸೂರು ಉರ್ದು ಕೇಳಿ ಅವರ ಮನೇಲಿ ನಗೋರು. ಅವರು ಲಕ್ನೋದವರು," ಎಂದಳು. ಅವರು ಅಂದರೆ ಯಾರೆಂದು ಅವನು ಕೇಳಲಿಲ್ಲ. "ತಿದ್ದೋರು. ತಿದ್ದಿ ತಿದ್ದಿ ಆಮೇಲೆ ನಾನು ಮಾತಾಡೋದೇ ಬಿಟ್ಟೆ. ಕನ್ನಡದಲ್ಲಿ ನನ್ನನ್ನ ಯಾರೂ ತಿದ್ದಿಲ್ಲ."

"ನಾನೂ ತಿದ್ದಲ್ಲ. ಗುದ್ದಲಿಗೂ ಫೋರ್ಕಿಗೂ ವ್ಯತ್ಯಾಸ ಗೊತ್ತಿಲ್ಲದಿದ್ರೂ ಪರವಾಗಿಲ್ಲ."

ಅವಳ ತುಟಿ ಒಂದಿಷ್ಟು ಅಲುಗಿತು. ಅವನಿಗೆ ಅಷ್ಟೇ ಸಾಕಾಯಿತೆನ್ನಿಸುತ್ತದೆ, ಇನ್ನೊಂದು ಕಪ್ ಟೀ ಕೇಳಿದ.

ಮೂರನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಹೀಟರಿನ ಬಿಸಿಗೆ ಗೆಡ್ಡೆ ಒಣಗಿ ಸುಕ್ಕಾಗುತ್ತದೆ. ಅವಳ ಗರಾಜು ಹದವಾಗಿತ್ತು, ಬಿಸಿಯೂ ಅಲ್ಲ, ಮಂಜುಗಟ್ಟುವ ಚಳಿಯೂ ಅಲ್ಲ. "ಇಲ್ಲೇ ಇಡಿ," ಎಂದು ಅವಳೇ ಹೇಳಿದಳು. ತೊಳೆದು ಆರಿಸಿದ ಗೆಡ್ಡೆಗಳನ್ನು ಸಿಪ್ಪೆಯ ನಡುವೆ ಹೂತು, ಪೆಟ್ಟಿಗೆಗಳನ್ನು ಗೋಡೆಗೆ ಸೇರಿಸಿ ಜೋಡಿಸಿದರು. ಒಂದು ಸಣ್ಣ ಪೆಟ್ಟಿಗೆಯನ್ನು ಮಾತ್ರ ಇಜಾಜ್ ಬೇರೆ ಇಟ್ಟ.

"ಇದನ್ನ ನಾನೇ ಬೀಜದಿಂದ ಬೆಳೆಸಿದ್ದು. ಡೇಲಿಯಾ ಬೀಜ ಹಾಕಿದ್ರೆ ತಾಯಿ ಥರ ಬರಲ್ಲ, ಪ್ರತಿಯೊಂದೂ ಹೊಸದು. ನೂರು ಹಾಕಿದ್ರೆ ಒಂದು ಇಡೋ ಹಾಗಿರತ್ತೆ. ಇದು ಆ ಒಂದು."

"ಯಾವ ಬಣ್ಣ?"

"ಹಾಲಿಗೆ ಒಂದು ಚಿಟಿಕೆ ಅರಿಶಿನ ಹಾಕಿದ ಹಾಗೆ. ಇಡೀ ಪ್ರಪಂಚದಲ್ಲಿ ಇರೋದು ಇದೊಂದೇ ಬುಡ."

ಆಮೇಲೆ ವಾರಾಂತ್ಯಗಳಲ್ಲಿ ಬರುವುದು ರೂಢಿಯಾಯಿತು. ಪೆಟ್ಟಿಗೆ ತೆರೆದು, ಕೊಳೆತದ್ದೇನಾದರೂ ಇದೆಯೇ ಎಂದು ಮುಟ್ಟಿ ನೋಡುವುದಕ್ಕೆ ಅಷ್ಟು ಸಲ ಬರಬೇಕಾಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಒಂದು ದಿನ ಬೆಲ್ ರಿಪೇರಿ ಮಾಡಿದ. ಇನ್ನೊಂದು ದಿನ ಬೀದಿಯ ಓಕ್ ಎಲೆಗಳನ್ನೆಲ್ಲ ಗುಡಿಸಿ ತಂದು ಸುಗಂಧಿಯ ಬುಡಕ್ಕೆ ರಾಶಿ ಹಾಕಿದರು. ಅವಳು ಬಿರಿಯಾನಿ ಮಾಡಿದಳು, ಅವನು ಎರಡು ಸಲ ಬಡಿಸಿಕೊಂಡು ತಿಂದ. ಪಾತ್ರೆ ತೊಳೆಯುವಾಗ ಮೊಣಕೈ ಮೊಣಕೈಗೆ ತಾಗಿತು. ಅವನು ಬೆಚ್ಚಿದ. ಅವಳು ಮುಂದಿನ ತಟ್ಟೆ ತೆಗೆದುಕೊಂಡಳು.

ಡಿಸೆಂಬರಿನ ಆರಂಭದಲ್ಲಿ, ಗರಾಜಿನ ಮೆಟ್ಟಿಲ ಮೇಲೆ ಕೂತು, ಅವನು ಹೇಳಿಯೇಬಿಟ್ಟ.

"ತಂಗೀರ ಮದುವೆ, ವೀಸಾ, ಗ್ರೀನ್ ಕಾರ್ಡು ಅಂತ ನನ್ನ ವಯಸ್ಸು ಹಾಗೇ ಕಳೆದುಹೋಯ್ತು ಜೈನಬ್. ಇನ್ನು ಯಾರ ಜೊತೆನೂ ಬೇಡ ಅಂದ್ಕೊಂಡಿದ್ದೆ. ಈಗ ಶುಕ್ರವಾರ ಬಂದ್ರೆ ಸಾಕು, ನಾಳೆ ನಿಮ್ಮನೆಗೆ ಹೋಗ್ತೀನಿ ಅಂತ ಖುಷಿಯಾಗತ್ತೆ. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ."

ಅವಳು ಬಹಳ ಹೊತ್ತು ತನ್ನೊಳಗೆ ಹುಡುಕಿದಳು. ಸುಳ್ಳು ಹೇಳುವುದು ಸುಲಭವಿತ್ತು.

"ನನಗೆ ಏನೂ ಅನ್ನಿಸಲ್ಲ ಇಜಾಜ್. ನೀವು ಒಳ್ಳೆಯವರು ಅಂತ ಗೊತ್ತು. ಗೊತ್ತಷ್ಟೇ. ಮದುವೆ ಮನೇಲಿ ಕೂತ್ರೂ ನಾನು ಹೀಗೇ, ಸಾವಿನ ಮನೇಲಿ ಕೂತ್ರೂ ಹೀಗೇ. ಇಂಥವಳನ್ನ ಕಟ್ಕೊಂಡು ಏನು ಮಾಡ್ತೀರಿ?"

ಅವನು ಕೈಗಂಟಿದ ಸಿಪ್ಪೆಯನ್ನು ಒಂದೊಂದಾಗಿ ತೆಗೆದ. "ಸರಿ," ಎಂದ. "ಪೆಟ್ಟಿಗೆ ಇಲ್ಲೇ ಬಿಡಲಾ, ತಗೊಂಡು ಹೋಗಲಾ?"

"ಇರಲಿ."

ಅದಾದ ಮೇಲೆ ಅವನು ಬರಲಿಲ್ಲ. ಅವಳಿಗೆ ಅದೂ ಅನ್ನಿಸಲಿಲ್ಲ, ಅಥವಾ ಅನ್ನಿಸಲಿಲ್ಲವೆಂದುಕೊಂಡಳು.

ಕ್ರಿಸ್‌ಮಸ್‌ಗೆ ಮುಂಚಿನ ಶುಕ್ರವಾರ ಬೆಳಿಗ್ಗೆ ಮಳೆ ಬರುತ್ತಿತ್ತು, ಡಿಸೆಂಬರ್ ಎನ್ನಿಸದಷ್ಟು ಬೆಚ್ಚಗಿತ್ತು. ಲ್ಯಾಬು ತಲುಪಿದಾಗ ಇಜಾಜನ ಮೆಸೇಜ್ ಬಂತು. 'ಮಧ್ಯಾಹ್ನದೊಳಗೆ ಟೆಂಪರೇಚರ್ ಸಿಕ್ಕಾಪಟ್ಟೆ ಇಳಿಯತ್ತಂತೆ. ಸಾಧ್ಯವಾದ್ರೆ ಪೆಟ್ಟಿಗೆಗಳ ಮೇಲೊಂದು ಕಂಬಳಿ ಹಾಕಿ.' ಗರಾಜಿನ ಬಾಗಿಲು ಮುಚ್ಚಿದೆಯಲ್ಲ, ಸಂಜೆ ಹಾಕಿದರಾಯಿತು ಎಂದುಕೊಂಡಳು.

ಬಾಗಿಲು ಮುಚ್ಚಿರಲಿಲ್ಲ. ಬೆಳಿಗ್ಗೆ ಅವಳು ಬಟನ್ ಒತ್ತಿ, ಹಿಂತಿರುಗಿ ನೋಡದೆ ಹೊರಟಿದ್ದಳು. ಸೆನ್ಸರಿಗೆ ಕಸಬರಿಕೆ ಅಡ್ಡ ಬಂದು ಬಾಗಿಲು ಅರ್ಧ ಇಳಿದು ಮತ್ತೆ ಮೇಲೇರಿತ್ತು. ಸಂಜೆ ಮನೆ ಸೇರುವಷ್ಟರಲ್ಲಿ ರಸ್ತೆಯ ಮೇಲಿನ ಮಳೆನೀರೆಲ್ಲ ಗಾಜಾಗಿತ್ತು. ಗರಾಜಿನಲ್ಲಿ ಗಾಳಿ ಶಿಳ್ಳೆ ಹಾಕುತ್ತಿತ್ತು.

ಪೆಟ್ಟಿಗೆ ತೆರೆದಳು. ಗೆಡ್ಡೆಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಎಲ್ಲವನ್ನೂ ಒಳಗೆ ತಂದು ನಡುಮನೆಯಲ್ಲಿ ಇಟ್ಟಳು. ಬಹುಶಃ ಏನೂ ಆಗಿರಲಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಸಣ್ಣ ಪೆಟ್ಟಿಗೆಯ ತಳ ಒದ್ದೆಯಾಗಿತ್ತು. ಸಿಪ್ಪೆ ಸರಿಸಿ ಗೆಡ್ಡೆ ಹಿಡಿದಾಗ ಬೆರಳು ಒಳಗೇ ಇಳಿದುಹೋಯಿತು. ಹುಳಿ ವಾಸನೆಯ ಕಂದು ನೀರು ಮೊಣಕೈವರೆಗೆ ಹರಿಯಿತು. ಅಡುಗೆಮನೆಯ ಚಾಕು ತಂದು, ಒಂದಾದರೂ ಗಟ್ಟಿ ಕಣ್ಣು ಸಿಗಬಹುದೆಂದು ಕತ್ತರಿಸುತ್ತ ಹೋದಳು. ಸಿಗಲಿಲ್ಲ. ಉಳಿದ ಪೆಟ್ಟಿಗೆಗಳಲ್ಲೂ ಅದೇ. ಕತ್ತರಿಸಿದ್ದನ್ನೇ ಮತ್ತೆ ಮತ್ತೆ ಕತ್ತರಿಸಿ ನೋಡಿದಳು.

ಸಣ್ಣ ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಡ್ರೈವ್ ಮಾಡಿದಳು. ಕ್ರಿಸ್‌ಮಸ್ ದಿನ, ನದಿಯ ಸೇತುವೆಯ ಮೇಲೂ ಟ್ರಾಫಿಕ್ ಇರಲಿಲ್ಲ. ಶ್ಯಾಂಟಿಲಿಯವರೆಗೆ ಏನು ಹೇಳಬೇಕೆಂದು ಯೋಚಿಸಿದ್ದೆಲ್ಲ ಅವನು ಬಾಗಿಲು ತೆರೆದಾಗ ಮರೆತುಹೋಯಿತು. ಪೆಟ್ಟಿಗೆ ಮುಂದೆ ಹಿಡಿದಳು.

"ಗರಾಜ್ ಬಾಗಿಲು ತೆರೆದಿತ್ತು. ಇಡೀ ದಿನ. ನಾನು ನೋಡ್ಲಿಲ್ಲ. ಎಲ್ಲಾ ಹೋಯ್ತು."

ಇಜಾಜ್ ಪೆಟ್ಟಿಗೆಯೊಳಗೆ ನೋಡಿದ. ಮುಟ್ಟಲಿಲ್ಲ. ಅವನ ಮುಖದಲ್ಲಿ ಏನೋ ಮೂಡಿತು, ಅವನು ಅದನ್ನು ಒಳಗೆ ತಳ್ಳಿದ.

"ಹೋಗ್ಲಿ ಬಿಡಿ," ಎಂದ ಮೆತ್ತಗೆ. "ಬೇಕಂತ ಮಾಡಿದ್ದಲ್ಲವಲ್ಲ. ಗೆಡ್ಡೆ ತಾನೇ."

"ಗೆಡ್ಡೆ ತಾನೇ ಅನ್ಬೇಡಿ."

"ಇರಲಿ ಜೈನಬ್. ಒಳಗೆ ಬನ್ನಿ, ಟೀ ಮಾಡ್ತೀನಿ."

"ಟೀ ಬೇಡ ನನಗೆ!" ಕಾರಿಡಾರಿನಲ್ಲಿ ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. "ಬೈಯಿ ನನ್ನ! ಪ್ರಪಂಚದಲ್ಲಿ ಒಂದೇ ಇತ್ತು ಅಂದೆಯಲ್ಲ, ಅದನ್ನ ಕೊಂದು ತಂದಿದೀನಿ. ಏನೂ ಆಗಿಲ್ಲ ಅನ್ನೋ ಥರ ನಿಲ್ಬೇಡ. ಏನೂ ಆಗಿಲ್ಲ ಅಂತ ಹೇಳಿ ತಿಂಗಳುಗಟ್ಟಲೆ ಮಾತು ಬಿಡೋರ ಜೊತೆ ನಾನು ಬಾಳಿದೀನಿ. ಇನ್ನೊಂದು ಸಲ ನನ್ನ ಕೈಲಾಗಲ್ಲ. ಕೋಪ ಬಂದಿದ್ರೆ ಬಂದಿದೆ ಅನ್ನು!"

ಎದುರು ಮನೆಯ ಬಾಗಿಲು ತುಸು ತೆರೆದು ಮುಚ್ಚಿಕೊಂಡಿತು.

"ಬಂದಿದೆ," ಎಂದ ಇಜಾಜ್. "ತುಂಬಾ ಬಂದಿದೆ. ಶುಕ್ರವಾರ ಬೆಳಿಗ್ಗೆನೇ ಮೆಸೇಜ್ ಹಾಕಿದ್ದೆ. ಒಂದು ಕಂಬಳಿ ಹೊದಿಸೋಕೆ ಒಂದು ಗಳಿಗೆ ಮನೆಗೆ ಬಂದು ಹೋಗೋಕಾಗ್ಲಿಲ್ವಾ ನಿನಗೆ? ನೀನು ನನ್ನ ಬೇಡ ಅಂದೆ, ಸರಿ ಅಂದೆ. ಇದನ್ನಾದ್ರೂ ನೋಡ್ಕೊಳ್ತೀಯಾ ಅಂದ್ಕೊಂಡಿದ್ದೆ. ಮೂರು ಬೇಸಿಗೆ ಜೈನಬ್, ಮೂರು ಬೇಸಿಗೆ ಕಾದು…" ಪೆಟ್ಟಿಗೆಯೊಳಗೆ ಕೈ ಹಾಕಿ, ಮೆತ್ತಗಾದ ಗೆಡ್ಡೆಯನ್ನು ಮುಟ್ಟಿದ.

ಜೈನಬ್ ಅಳತೊಡಗಿದಳು. ಮೊದಲು ಡೇಲಿಯಾಕ್ಕೆ. ಆಮೇಲೆ ಯಾವುದಕ್ಕೆಂದು ಅವಳಿಗೂ ತಿಳಿಯಲಿಲ್ಲ. ಜೋಮು ಹಿಡಿದ ಕಾಲಿಗೆ ರಕ್ತ ಹರಿದಾಗ ಸೂಜಿ ಚುಚ್ಚುವಂತೆ ಮೈಯೆಲ್ಲ ನೋಯುತ್ತಿತ್ತು. ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಇಜಾಜ್ ಅವಳ ಕೈಯಿಂದ ಪೆಟ್ಟಿಗೆ ತೆಗೆದು ಪಕ್ಕಕ್ಕಿಟ್ಟು, ಪಕ್ಕದಲ್ಲಿ ಕೂತ. ಸಮಾಧಾನ ಮಾಡಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು.

"ಏನೋ ಅನ್ನಿಸ್ತಿದೆ," ಎಂದಳು ಎಷ್ಟೋ ಹೊತ್ತಿನ ಮೇಲೆ, ಮೂಗು ಒರೆಸಿಕೊಳ್ಳುತ್ತ.

"ಏನು?"

"ಗೊತ್ತಿಲ್ಲ. ಚೆನ್ನಾಗಿಲ್ಲ. ತುಂಬಾ ನೋವಾಗ್ತಿದೆ. ನೀನು ಬರದೆ ಇದ್ದಿದ್ದಕ್ಕೂ ಸೇರಿಸಿ."

ಅವನು ಅವಳ ಕಡೆ ತಿರುಗಿದ. ಈ ಸಲ ಸಿಕ್ಕಿಬಿದ್ದರೂ ದೃಷ್ಟಿ ತೆಗೆಯಲಿಲ್ಲ. ಅವಳ ಕೆನ್ನೆ ಬಿಸಿಯಾಯಿತು.

"ನನ್ನ ಕೋಪ ಇನ್ನೂ ಹೋಗಿಲ್ಲ," ಎಂದ.

"ಹೋಗೋವರೆಗೂ ಇರ್ತೀನಿ."

"ಲೇಟಾಗಬಹುದು."

"ಆಗಲಿ."

ಜೈನಬ್ ಎದ್ದು ಒಳಗೆ ಬಂದಳು. ಕೋಟು ಬಿಚ್ಚಿ, ಎಲ್ಲಿ ಹಾಕುವುದೆಂದು ಸುತ್ತ ನೋಡಿ, ಬಾಗಿಲ ಹಿಂದೆ ನೇತಾಡುತ್ತಿದ್ದ ಅವನ ಜಾಕೆಟ್ಟಿನ ಮೇಲೆಯೇ ಹಾಕಿದಳು.