ಹೊಸ್ತಿಲ ಮಣ್ಣಿನ ಬಾಗಿನ

ಬಾ ಅಂದರೆ ಮಳೆ ಬರುತ್ತಿದ್ದ, ಸಾಕು ಅಂದರೆ ನಿಲ್ಲುತ್ತಿದ್ದ ಕಾಲವೊಂದು ಹಿಂದೆ ಇತ್ತಂತೆ. ಆ ಕಾಲದಲ್ಲಿ ಮುಗಿಲನಾಡು ಎಂಬ ರಾಜ್ಯ. ಅದರ ದೊರೆ ಎರಡು ಗುಡ್ಡಗಳ ನಡುವೆ ಏರಿ ಕಟ್ಟಿಸಿ, ಹರಿಯುವ ಹೊಳೆಯನ್ನು ತಡೆದು, ಆಚೆ ದಡ ಕಾಣದಂಥ ಕೆರೆ ಮಾಡಿಸಿದ. ಕೆರೆಯ ದಂಡೆಯ ಮೇಲೆ ಹಿರೇದಂಡೆ ಎಂಬ ಊರು ಬೆಳೆಯಿತು. ನೀರಿಗೆ ಇಳಿಯಲು ಕಲ್ಲಿನ ಮೆಟ್ಟಿಲು, ಮೀನು ಹಿಡಿಯಲು ದೋಣಿ, ಗದ್ದೆಗೆ ನೀರು ಬಿಡಲು ತೂಬು, ಎಲ್ಲ ಇತ್ತು. ಊರವರು ಕೆರೆಯನ್ನು ನಮ್ಮ ಮಗಳು ಅನ್ನುತ್ತಿದ್ದರು. ಕಟ್ಟಿದವರು ನಾವು ತಾನೆ ಎಂಬ ಜಂಬ ಅವರದು. ಕೆರೆ ತುಂಬಿದಾಗಲೆಲ್ಲ, ತವರಿನವರು ಮಗಳಿಗೆ ಕೊಡುವ ಹಾಗೆ, ಮೊರದಲ್ಲಿ ಅರಿಶಿನ ಕುಂಕುಮ ಬಳೆ ಇಟ್ಟು, ಮೇಲೊಂದು ಮೊರ ಮುಚ್ಚಿ, ಬಾಗಿನ ಅಂತ ನೀರಿಗೆ ಬಿಡುತ್ತಿದ್ದರು.

ಕೆರೆಯ ತಳದಲ್ಲಿ ಏನು ಮುಳುಗಿದೆ ಅನ್ನುವ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಎತ್ತುವಂಥವಳು ಊರಲ್ಲಿ ಒಬ್ಬಳೇ, ದೋಣಿಯ ಕೆಂಚನ ಹೆಂಡತಿ ಮಾಳವ್ವ. ಅವಳ ತವರು ಕಣಗಿಲಕೊಪ್ಪ ಆ ನೀರಿನ ಅಡಿಯಲ್ಲಿತ್ತು. ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಹೊರಟಾಗ ಅವಳ ಅವ್ವ, "ಹೊಸ್ತಿಲು ಬಿಟ್ಟು ಎಲ್ಲಿಗೆ ಬರಲಿ?" ಎಂದು ಕೂತಲ್ಲೇ ಕೂತಿದ್ದಳು. ನೀರು ಬಂತು. ಅಷ್ಟೆ.

ಮಾಳವ್ವನಿಗೆ ಇನ್ನೊಂದು ಕೊರಗಿತ್ತು. ಮದುವೆಯಾಗಿ ಹೊರಟ ದಿನ ಅವ್ವ ಮಡಿಲು ತುಂಬಿದ್ದಳು. ಆ ಮಡಿಲಕ್ಕಿಯಲ್ಲಿ ಒಂದು ಹಿಡಿಯನ್ನು ತವರಿಗೇ ಸುರಿದು ಹೋಗಬೇಕು, ಇಲ್ಲದಿದ್ದರೆ ತವರು ಬರಿದಾಗುತ್ತದೆ ಎಂಬುದು ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಅಳುವಿನ ಭರದಲ್ಲಿ ಅವಳು ಅದನ್ನು ಮರೆತಳು. ತವರು ಮುಳುಗಿದ್ದು ದೊರೆ ಕಟ್ಟಿಸಿದ ಏರಿಯಿಂದ. ಆದರೂ ಅವಳ ಮನಸ್ಸು ಆ ಒಂದು ಹಿಡಿ ಅಕ್ಕಿಯನ್ನೇ ಮತ್ತೆ ಮತ್ತೆ ನೆನೆಯುತ್ತಿತ್ತು.

ಹೀಗಿರುವಾಗ ಕರಿಗಣ್ಣ ಎಂಬ ಮಾಯಗಾರ ಊರಿಗೆ ಬಂದ. ಅವನಿಗೆ ಮನೆಯಿಲ್ಲ, ಮಠವಿಲ್ಲ, ಕರೆದು ಮಣೆ ಹಾಕುವವರೂ ಇಲ್ಲ. ಬದುಕಿರುವ ಊರು ತನ್ನನ್ನು ದೊರೆ ಅನ್ನುವುದಿಲ್ಲ, ಮುಳುಗಿದ ಊರಾದರೆ ಎದುರು ಮಾತಾಡುವುದಿಲ್ಲ ಎಂದು ಲೆಕ್ಕ ಹಾಕಿದ. "ಈ ಸಲದ ಬಾಗಿನಕ್ಕೆ ಮನೆಗೊಂದು ಚಿಟಿಕೆ ಹೊಸ್ತಿಲ ಮಣ್ಣು ಹಾಕಿ ತಾಯಂದಿರಾ. ಮಗಳಿಗೆ ತವರಿನ ಗುರುತು ಸಿಗಲಿ," ಎಂದ. ಬೆಲ್ಲದಂಥ ಮಾತು. ದೊರೆಯೇ ತಲೆದೂಗಿದ ಮೇಲೆ ಕೇಳಬೇಕೆ? ಹೆಂಗಸರು ನಾ ಮುಂದು ತಾ ಮುಂದು ಎಂದು ಹೊಸ್ತಿಲು ಕೆರೆದು ಮಣ್ಣು ತಂದರು. ಮಾಳವ್ವನೂ ತಂದಳು. ತನ್ನ ಮನೆಯ ಮಣ್ಣು ಅವ್ವನ ಮನೆ ಸೇರುತ್ತದಲ್ಲ ಎಂದು ಚಿಟಿಕೆಯಲ್ಲ, ಒಂದು ಹಿಡಿಯನ್ನೇ ತಂದಳು. ಕರಿಗಣ್ಣ ತನ್ನ ಕೈಯಾರೆ ಬಾಗಿನ ಬಿಟ್ಟ. ಮೊರ ತೇಲಲಿಲ್ಲ. ಕೆಳಗಿನಿಂದ ಯಾರೋ ಕೈ ಚಾಚಿ ಇಸಿದುಕೊಂಡ ಹಾಗೆ ಒಳಗೆ ಹೋಯಿತು.

ಅಂದಿನಿಂದ ಮಳೆ ಹಿಡಿಯಿತು. ಗಾಳಿಯಿಲ್ಲ, ಗುಡುಗಿಲ್ಲ. ನೂಲು ಇಳಿಬಿಟ್ಟ ಹಾಗೆ ನೆಟ್ಟಗೆ ಸುರಿಯುವ ಮಳೆ. ಕಪ್ಪೆಗಳು ಕೂಡ ಬಾಯಿ ಬಿಡಲಿಲ್ಲ. ನೀರು ಮೆಟ್ಟಿಲು ಹತ್ತತೊಡಗಿತು. ನುಗ್ಗಿ ಬರಲಿಲ್ಲ, ನೆಂಟರ ಮನೆಗೆ ಬಂದವಳ ಹಾಗೆ ಒಂದೊಂದು ಮೆಟ್ಟಿಲಲ್ಲೂ ನಿಂತು ಬಂತು. ದೊರೆ ತೂಬು ತೆಗೆಸಿದ. ಹೋದ ನೀರೆಲ್ಲ ಬೆಳಗಾಗುವಷ್ಟರಲ್ಲಿ ಮರಳಿ ಬಂದಿತ್ತು. ಕೋಡಿ ಅಗಲ ಮಾಡಿಸಿದ. ನೀರು ಅತ್ತ ತಿರುಗಿಯೂ ನೋಡಲಿಲ್ಲ. ಮುತ್ತಿನ ಹಾರವನ್ನು ಕಾಣಿಕೆಯೆಂದು ನೀರಿಗೆ ಬಿಡಿಸಿದ. ಅದು ತೇಲಿ ಬಂದು ಅವನ ಕಾಲ ಬುಡದಲ್ಲೇ ಬಿತ್ತು.

ಆಮೇಲೆ ದೀಪ ಹಚ್ಚುವ ಹೊತ್ತಿಗೆ ಕೆಳಗೇರಿಯಲ್ಲಿ ಒಬ್ಬ ಹೆಂಗಸು ಕಾಣಿಸತೊಡಗಿದಳು. ಬಿಚ್ಚಿದ ಕೂದಲಿಂದ ನೀರು ಇಳಿಯುತ್ತಿತ್ತು, ಕಂಕುಳಲ್ಲಿ ಮೊರವಿತ್ತು. ಬಾಗಿಲ ಮುಂದೆ ನಿಂತು ಮೊರದಲ್ಲಿದ್ದ ಮಣ್ಣನ್ನು ಮೂಸುವಳು, ಬಾಗಿ ಹೊಸ್ತಿಲನ್ನು ಮೂಸುವಳು, "ಇದೂ ನಂದೇ," ಅನ್ನುವಳು. ಮಾರನೆಯ ದಿನ ಆ ಮನೆಯೊಳಗೆ ನೀರು. ಒಳಗಿದ್ದವರು ಕುತ್ತಿಗೆಯ ತನಕ ನೀರಲ್ಲಿ ಕೂತು, ಕರೆದರೆ ಓಗೊಡದೆ, ಮೀನಿನ ಹಾಗೆ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಊರು ಬಿಟ್ಟು ಓಡಿದವರೂ ಉಂಟು. ಗಡಿ ದಾಟುವಷ್ಟರಲ್ಲಿ ಅವರ ಕಾಲುಗಳೇ ತಿರುಗಿ, ಅವರನ್ನು ತಂದು ತಮ್ಮ ತಮ್ಮ ಹೊಸ್ತಿಲಲ್ಲಿ ನಿಲ್ಲಿಸಿದವು. ಕೆಂಚ ಕೆಳಗೇರಿಯವರನ್ನು ಎತ್ತಿ ತರಲು ಹೋಗಿ, ಅವರ ನಡುವೆಯೇ ಕೂತುಬಿಟ್ಟ.

ಒಂದು ಸಂಜೆ ಆ ಹೆಂಗಸು ಮಾಳವ್ವನ ಬಾಗಿಲಿಗೆ ಬಂದಳು. ಒಳಗೆ ತೊಟ್ಟಿಲಲ್ಲಿ ಎಳೆ ಮಗು, ಒಲೆಯ ಮುಂದೆ ಮಾಳವ್ವನ ಅತ್ತೆ.

"ಇದೂ ನಂದೇ," ಅಂದಳು. "ಆ ತೊಟ್ಟಿಲೂ ನಂದೇ."

"ಯಾರು ಕೊಟ್ಟರು ತಾಯಿ?" ಎಂದು ಮಾಳವ್ವ ಕೇಳಿದಳು.

"ನೀನೇ. ಎಲ್ಲರೂ ಚಿಟಿಕೆ ಕೊಟ್ಟರು, ನೀನು ಹಿಡಿ ಕೊಟ್ಟೆ. ನಾಳೆ ಈ ಹೊತ್ತಿಗೆ ಒಳಗೆ ಬರ್ತೀನಿ."

ಅವಳು ಹೋದ ಮೇಲೆ ಅತ್ತೆ ಹಣೆ ಚಚ್ಚಿಕೊಂಡಳು. "ಕೊಟ್ಟ ಬಾಗಿನ ಯಾರಾದ್ರೂ ವಾಪಸ್ ಕೇಳ್ತಾರೇನೆ? ಮಗೂನ ಎತ್ಕೊಂಡು ಓಡು ಅನ್ನೋಣ ಅಂದ್ರೆ ಕಾಲೇ ನಮ್ಮ ಮಾತು ಕೇಳಲ್ಲ."

ಮಾಳವ್ವ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. "ನಾವು ಕೇಳಬಾರದು ಅತ್ತೆ, ನಿಜ. ಅವಳಾಗಿಯೇ ಬಿಟ್ಟು ಹೋಗಬೇಕು. ತವರಿಂದ ಹೊರಡೋ ಮಗಳು ಏನು ಬಿಟ್ಟು ಹೋಗ್ತಾಳೆ?"

ಅತ್ತೆ ಸೊಸೆಯ ಮುಖ ನೋಡಿದಳು. ಆಮೇಲೆ ಅಟ್ಟ ಹತ್ತಿ, ನೆನೆಯದೆ ಉಳಿದಿದ್ದ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆಯಡಿಕೆ, ಕುಬಸ ಹೊಲಿಸುವ ಕಣ ಇಳಿಸಿದಳು. ಮರುದಿನ ಸಂಜೆ ಅದನ್ನೆಲ್ಲ ಸೊಸೆಯ ಸೆರಗಿಗೆ ಕಟ್ಟಿದಳು. "ಇದರಲ್ಲಿ ಒಂದು ಕಮ್ಮಿಯಾದ್ರೂ ಮಡಿಲು ತುಂಬಿದ ಹಾಗಲ್ಲ. ದಾರೀಲಿ ಯಾರು ಕೇಳಿದ್ರೂ ಕೊಡಬೇಡ ಮಗಳೆ."

ನೀರಿನೊಳಗೆ ಅಡಗಿ ಕಾಯುತ್ತಿದ್ದ ಕರಿಗಣ್ಣನಿಗೆ ಇದರ ಸುಳಿವು ಸಿಕ್ಕಿತ್ತು. ಮಾಳವ್ವ ಕೆರೆಗೆ ಇಳಿಯಲು ಬಂದರೆ ಮೊದಲನೆಯ ಮೆಟ್ಟಿಲಲ್ಲಿ ಅವನ ನೀರುನಾಯಿ ಕೂತಿತ್ತು. ಅದಕ್ಕೆ ಮನುಷ್ಯರ ಬೆರಳಿದ್ದವು. "ಅಕ್ಕಾ, ಮರಿಗಳು ಹಸಿದಿವೆ. ಒಂದು ಚೂರು ಕೊಬ್ಬರಿ ಕೊಡು."

"ಮರಿಗಳನ್ನ ಮನೆಗೆ ಕರ್ಕೊಂಡು ಬಾ, ಅನ್ನ ಹಾಕ್ತೀನಿ. ಇದು ಮಡಿಲಿಂದು," ಅಂದಳು ಮಾಳವ್ವ. ಅದಕ್ಕೆ ಮರಿಗಳೇ ಇರಲಿಲ್ಲ. ಬೆರಳು ಮಡಿಚಿಕೊಂಡು ಮುಳುಗಿತು.

ಎರಡನೆಯ ಮೆಟ್ಟಿಲು ಕಣ್ಣು ತೆರೆಯಿತು. ಅದು ಮೆಟ್ಟಿಲಲ್ಲ, ಮೊಸಳೆ. "ಅಕ್ಕಿ ಕೊಡು, ಇಲ್ಲ ಕಾಲು ಕೊಡು."

"ಕಾಲು ತಗೋ," ಎಂದು ಮಾಳವ್ವ ಅದರ ತಲೆಯ ಮೇಲೇ ಕಾಲಿಟ್ಟಳು. ಮೊಸಳೆ ಬಾಯಿ ತೆರೆಯಿತು, ಕಚ್ಚಲಿಲ್ಲ. ಮಡಿಲು ತುಂಬಲು ಹೊರಟವಳ ಕಾಲು ಕಚ್ಚುವುದು ಮಾಯೆಯ ಮೊಸಳೆಗೂ ಆಗದ ಕೆಲಸ.

ಮೂರನೆಯ ಮೆಟ್ಟಿಲಲ್ಲಿ ಏನೂ ಇರಲಿಲ್ಲ. ನೀರಿನ ಕೆಳಗಿನಿಂದ ಒಂದು ದನಿ ಮಾತ್ರ ಬಂತು.

"ಮಾಳೀ, ಚಳಿ ಆಗ್ತದೆ ಕಣೆ. ಎಷ್ಟು ವರ್ಷದಿಂದ ನೆನೀತಾ ಇದೀನಿ. ಆ ಕುಬಸದ ಕಣ ಹೊದಿಸಿ ಹೋಗು."

ಅವ್ವನದೇ ದನಿ. ಮಾಳವ್ವನ ಕೈ ಗಂಟಿಗೆ ಹೋಯಿತು. ಗಂಟು ಅರ್ಧ ಬಿಚ್ಚಿಯೂ ಆಯಿತು. ಅಲ್ಲಿಗೆ ಕೈ ನಿಂತಿತು. ಅಳುತ್ತಲೇ ಹೇಳಿದಳು: "ನನ್ನವ್ವ ಹಸಿದು ಮಲಗಿದರೂ ಮಗಳ ಮಡಿಲಿಗೆ ಕೈ ಹಾಕಿದವಳಲ್ಲ. ನೀನು ಅವಳಲ್ಲ." ನೀರಿಂದ ಒಂದು ಹಾವು ತಲೆಯೆತ್ತಿ, ನಾಚಿಕೊಂಡ ಹಾಗೆ ಹರಿದು ಹೋಯಿತು.

ಆಗ ಆ ಹೆಂಗಸು ನೀರಿಂದ ಎದ್ದು ಬಂದಳು.

"ಬಾ ಮಗಳೆ," ಅಂದಳು ಮಾಳವ್ವ. "ಬಂದು ಬಹಳ ದಿನ ಆಯ್ತು. ಹೊರಡೋ ಹೊತ್ತು. ಸೆರಗು ಒಡ್ಡು, ಮಡಿಲು ತುಂಬ್ತೀನಿ."

ಹೆಂಗಸು ತನ್ನ ಬರಿ ಸೆರಗನ್ನು ನೋಡಿಕೊಂಡಳು. "ನನಗೆ ಯಾರೂ ಮಡಿಲು ತುಂಬಿಲ್ಲ," ಅಂದಳು. "ದೂರದಿಂದ ಬಾಗಿನ ಎಸೀತಾರೆ, ಹೋಗ್ತಾರೆ."

"ಮೊರದಲ್ಲಿರೋದನ್ನೂ ಮಡಿಲಿಗೇ ಹಾಕ್ಕೋ. ಸೆರಗು ಹಿಡಿಯೋಕೆ ಎರಡೂ ಕೈ ಬೇಕು."

ಅವಳು ಮಣ್ಣನ್ನು ಮಡಿಲಿಗೆ ಸುರಿದುಕೊಂಡಳು. ಮಾಳವ್ವ ಅದರ ಮೇಲೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆಯಡಿಕೆ, ಕಣ ಎಲ್ಲ ತುಂಬಿ, ಹಣೆಗೆ ಕುಂಕುಮ ಇಟ್ಟಳು. ಹಣೆ ತಳದ ಕಲ್ಲಿನಷ್ಟು ತಣ್ಣಗಿತ್ತು. ಹೆಂಗಸು ಮಡಿಲು ಕಟ್ಟಿಕೊಂಡು ತಿರುಗಿದಳು. ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ಒಂದು ಹಿಡಿಯ ನೆನಪು ಮಾಡೋಣವೆಂದರೆ ಅದು ವಾಪಸ್ ಕೇಳಿದ ಹಾಗೆ. ಮಾಳವ್ವ ತುಟಿ ಕಚ್ಚಿ ನಿಂತಳು. ಮನೆಯಲ್ಲಿ ಮಗು ಅಳುವುದು ಅಲ್ಲಿಗೂ ಕೇಳಿಸುತ್ತಿತ್ತು.

ಹೆಂಗಸು ನಿಂತಳು. "ತವರಿಗೆ ಒಂದು ಹಿಡಿ ಬಿಟ್ಟು ಹೋಗಬೇಕಲ್ಲ," ಅಂದಳು.

ಮಡಿಲಿಗೆ ಕೈ ಹಾಕಿದಳು. ಕೆರೆಯ ಹಿಡಿ ಅಂದರೆ ಸಣ್ಣದೇ? ಅಕ್ಕಿಯ ಜೊತೆ ಊರಿನ ಮಣ್ಣೆಲ್ಲ ಅದರಲ್ಲಿ ಬಂತು. ಮೇಲಿನ ಮೆಟ್ಟಿಲ ಮೇಲೆ ಸುರಿದಳು.

ಕರಿಗಣ್ಣ ನೀರು ಸೀಳಿಕೊಂಡು ಎದ್ದ. "ಅದನ್ನ ಕೊಟ್ಟವನು ನಾನು. ಬಾಗಿನ ಬಿಟ್ಟ ಕೈ ನಂದು. ಇವಳಿಗೆ ಯಾಕೆ ಕೊಡ್ತೀಯ?"

"ಕೊಟ್ಟವನು ನೀನಾ?" ಹೆಂಗಸು ಅವನ ಮಣಿಕಟ್ಟು ಹಿಡಿದಳು. "ಒಳ್ಳೇದಾಯ್ತು. ಮಗಳನ್ನ ಗಂಡನ ಮನೆ ತನಕ ಬಿಟ್ಟು ಬರೋದು ತವರಿನೋರ ಕೆಲಸ. ನಡಿ ಅಣ್ಣ."

ಅವನು ಬೇಡವೆಂದ, ತನ್ನದಲ್ಲವೆಂದ, ತಾನು ಸುಳ್ಳು ಹೇಳಿದೆನೆಂದ. ಅವಳು ಹಿಂತಿರುಗಿ ನೋಡದೆ ಇಳಿದಳು. ಅವಳ ಹಿಂದೆ ನೀರೂ ಇಳಿಯಿತು. ಅವಳ ಗಂಡನ ಮನೆ ಎಲ್ಲಿದೆಯೋ ನಮಗೆ ಗೊತ್ತಿಲ್ಲ. ಕರಿಗಣ್ಣನಿಗೆ ಗೊತ್ತಾಗಿರಬೇಕು, ಹೇಳಲು ಅವನು ಬರಲಿಲ್ಲ.

ಮಳೆ ನಿಂತಿತು. ಕಪ್ಪೆಗಳು ಒಟ್ಟಿಗೆ ಬಾಯಿ ಬಿಟ್ಟವು. ಕೆಳಗೇರಿಯವರು ಕೆಮ್ಮಿ, ಕಣ್ಣು ಪಿಳುಕಿಸಿ ಎದ್ದರು. ಕೆಂಚ ಬಂದು, "ಹಸಿವಾಗ್ತದೆ ಕಣೆ," ಅಂದ. ಯಾರ ಮಣ್ಣು ಯಾರದೆಂದು ತಿಳಿಯದೆ ಹೆಂಗಸರು ಎಲ್ಲವನ್ನೂ ಕಲಸಿ ಹಂಚಿಕೊಂಡು ಹೊಸ್ತಿಲಿಗೆ ಮೆತ್ತಿದರು. ಏನು ಬೇಕು ಕೇಳು ಎಂದು ದೊರೆ ಅಂದಾಗ ಮಾಳವ್ವ, ಇನ್ನು ಮೇಲೆ ಬಾಗಿನ ಕೊಡುವಾಗ ಕಣಗಿಲಕೊಪ್ಪದ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು ಎಂದಳು. ದೊರೆ ತಲೆ ತಗ್ಗಿಸಿ ಒಪ್ಪಿಕೊಂಡ.

ಮೆಟ್ಟಿಲ ಮೇಲಿನ ಮಣ್ಣಿನಿಂದ ಅವಳು ಅಕ್ಕಿಕಾಳುಗಳನ್ನು ಆರಿಸಿಟ್ಟುಕೊಂಡಿದ್ದಳು. ಸರಿಯಾಗಿ ಒಂದು ಹಿಡಿಯಾಯಿತು. ಅದನ್ನು ಕೆರೆಗೆ ಸುರಿದು, "ಅವ್ವಾ, ಅವತ್ತು ಮರೆತಿದ್ದೆ," ಅಂದಳು.

ಹಿರೇದಂಡೆಯಲ್ಲಿ ಆಮೇಲೆ ಎಲ್ಲರೂ ಉಂಡುಟ್ಟು ಸುಖವಾಗಿ ಬಾಳಿದರು, ಕೆರೆಯೂ ತನ್ನ ಮಟ್ಟ ಮೀರಲಿಲ್ಲ. ಪ್ರತಿ ವರ್ಷ ಗೌರಿಹಬ್ಬದ ಬೆಳಿಗ್ಗೆ, ತವರಿಲ್ಲದ ಮಾಳವ್ವನ ಬಾಗಿಲಲ್ಲಿ ಹೊಸ ಮೊರದ ಬಾಗಿನ ಇರುತ್ತಿತ್ತು. ಯಾರು ತಂದಿಟ್ಟರು ಎಂದು ಅವಳು ಯಾರನ್ನೂ ಕೇಳಲಿಲ್ಲ. ಹಬ್ಬಕ್ಕೆಂದು ಮನೆಯೆಲ್ಲ ಸಾರಿಸಿ ಒರೆಸಿದರೂ, ಹೊಸ್ತಿಲ ಮೇಲಿನ ಒದ್ದೆ ಹೆಜ್ಜೆಗಳು ತಾವಾಗಿ ಆರುವ ತನಕ ಅವಳು ಅಲ್ಲಿಗೆ ಬಟ್ಟೆ ತಾಗಿಸುತ್ತಿರಲಿಲ್ಲ.