ಮನೆಯೊಳಗೆ ಉಳಿದುಹೋದ ಮಹೇಶ್

“ಕತ್ತಲಿ ಇದ್ದದ್ದು ಕಾಡಿನಾಗೋ, ಕಾಡಿಗೆ ಹೋದವರೊಳಗೋ, ಮೇಡಂ?”

ಹಗರಿಬೊಮ್ಮನಹಳ್ಳಿಯ ಆ ಕಾಲೇಜಿನ ತರಗತಿಯೆಲ್ಲ ಬಾಗಿಲ ಕಡೆ ತಿರುಗಿತು. ಪಾಠ ಮಾಡುತ್ತಿದ್ದ ಇಂಗ್ಲಿಷ್ ಉಪನ್ಯಾಸಕಿ ಸುಮಲತಾ ಪುಸ್ತಕದಿಂದ ತಲೆ ಎತ್ತಿದಳು. ಅದು ವಸಾಹತು ಕಾಲದ ಒಂದು ಇಂಗ್ಲಿಷ್ ಕಿರುಕಾದಂಬರಿ. ಆನೆದಂತದ ಆಸೆಗೆ ನದಿಗುಂಟ ದಟ್ಟ ಕಾಡಿಗೆ ಹೋದ ಬಿಳಿಯರ ಕಥೆ. ನಾಗರಿಕತೆಯೇ ಬೆಳಕು, ಕಾಡೇ ಕತ್ತಲು ಎಂದು ಅವಳು ಆಗಷ್ಟೇ ವಿವರಿಸಿದ್ದಳು.

ಪ್ರಶ್ನೆ ಕೇಳಿದವನು ಬಾಗಿಲಲ್ಲಿ ನಿಂತಿದ್ದ. ವಿದ್ಯಾರ್ಥಿಯಲ್ಲ, ಅಂದೇ ಕೆಲಸಕ್ಕೆ ಸೇರಿದ ಇತಿಹಾಸದ ಉಪನ್ಯಾಸಕ, ಗುಡೇಕೋಟೆಯ ಮಾರೇಶ್. ಮುಂದಿನ ತರಗತಿ ಅವನದು.

ಎಷ್ಟು ಸೊಕ್ಕು ಇವನಿಗೆ... ಎಂದುಕೊಂಡಳು. ಆ ಸಿಟ್ಟಿನಲ್ಲೇ ಪುಸ್ತಕವನ್ನು ಮೊದಲಿನಿಂದ ಓದಿದಳು. ಓದುತ್ತ ಹೋದಂತೆ ಸಿಟ್ಟು ಇಳಿಯಿತು. ಮರುದಿನ ತಾನಾಗಿಯೇ ಅವನ ಬಳಿ ಹೋಗಿ, ನೀವು ಕೇಳಿದ್ದು ಸರಿ ಎಂದಳು.

ಮಾತು ಬೆಳೆಯಿತು. ಭಾನುವಾರಗಳಲ್ಲಿ ಇಬ್ಬರೂ ಬಸ್ಸು ಹತ್ತಿ ಮಾಗಳಕ್ಕೆ ಹೋಗಿ ತುಂಗಭದ್ರೆಯ ದಂಡೆಯಲ್ಲಿ ಕೂರುವಂತಾಯಿತು. ಮಕ್ಕಳು ಉಳಿಯದ ತನ್ನ ತಾಯಿ ದುರುಗಮ್ಮ ಮಾರೆಮ್ಮನಿಗೆ ಹರಕೆ ಹೊತ್ತು ತನ್ನನ್ನು ಹಡೆದು, ಆ ದೇವಿಯ ಹೆಸರನ್ನೇ ಇಟ್ಟದ್ದನ್ನು ಅವನು ಅಲ್ಲೇ ಹೇಳಿದ. ತನ್ನ ಕೇರಿಯನ್ನೂ ಮುಚ್ಚಿಡಲಿಲ್ಲ.

ಜಾತಿ ನನಗೆ ಲೆಕ್ಕಕ್ಕಿಲ್ಲ ಎಂದಳು ಸುಮಲತಾ. ನಿಜವಾಗಿಯೂ ಹಾಗೆಂದೇ ನಂಬಿದ್ದಳು.

ತಂದೆ ತೀರಿಕೊಂಡ ಮೇಲೆ ಬೀಜ, ಗೊಬ್ಬರದ ಅಂಗಡಿ ನಡೆಸುತ್ತ ಮಗಳನ್ನು ಓದಿಸಿದವಳು ಅವ್ವ ನೀಲಗಂಗಮ್ಮ. ದಿನವೂ ಲಿಂಗಪೂಜೆ ಮಾಡಿಯೇ ಬಾಯಿಗೆ ನೀರು ಹಾಕುವವಳು. ಒಂದು ಮಧ್ಯಾಹ್ನ ಸುಮಲತಾ ಮಾರೇಶನನ್ನು ಮನೆಗೆ ಕರೆತಂದಳು. ಅವ್ವ ನಗುನಗುತ್ತಲೇ ಹೆಸರು ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಸುಮಲತಾ ಹೇಳಿಬಿಟ್ಟಳು.

“ಮಹೇಶ್ ಅಂತ, ಅವ್ವ. ನಮ್ಮ ಮಂದೀನ.”

ಯಾಕೆ ಹಾಗಂದೆ? ಅವಳಿಗೇ ಗೊತ್ತಾಗಲಿಲ್ಲ...

ಮಾರೇಶ್ ಅವಳ ಮುಖ ನೋಡಿದ. ಅವ್ವ ಮಹೇಶನಿಗೆ ತುಪ್ಪ ಬಡಿಸಿದಳು, ಇನ್ನೊಂದು ಹೋಳಿಗೆ ಹಾಕಿದಳು. ಉಂಡು, ಕೈ ಮುಗಿದು ಹೊರಟವನು ಮತ್ತೆ ಅವಳ ಫೋನ್ ಎತ್ತಲಿಲ್ಲ. ದಸರೆಯ ರಜೆಗೆ ಊರಿಗೆ ಹೋಗಿಬಿಟ್ಟ.

ಆದರೆ ಮಹೇಶ್ ಹೋಗಲಿಲ್ಲ.

ಅವ್ವ ದಿನವೂ ಅವನ ಬಗ್ಗೆ ಕೇಳುತ್ತಿದ್ದಳು. ಪಡಸಾಲೆಯಲ್ಲಿ ಅವನು ಅಂದು ಕೂತಿದ್ದ ಕುರ್ಚಿಯಿಂದ ಸುಮಲತಾ ದೂರ ಸರಿದೇ ಹಾಯುತ್ತಿದ್ದಳು. ಮುಖವೇ ಇಲ್ಲದ ಒಬ್ಬ ಗಂಡಸು ಅಲ್ಲಿ ಕೂತಿದ್ದಾನೆ... ತಾನೇ ಹುಟ್ಟಿಸಿದವನು. ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ತನ್ನ ಭುಜದ ಹಿಂದೆ ಅವನೇ. ಕಾದಂಬರಿಯ ಕೊನೆಯ ಪುಟಗಳಲ್ಲಿ ಮರಳಿ ಬಂದ ನಾವಿಕ, ಕಾಡಿನಲ್ಲಿ ಸತ್ತವನನ್ನೇ ನೆನೆಯುತ್ತ ಕೂತ ಹೆಣ್ಣಿಗೆ, ಅವನ ಕೊನೆಯ ಮಾತು ನಿನ್ನ ಹೆಸರೇ ಎಂದು ಸಮಾಧಾನದ ಸುಳ್ಳು ಹೇಳುತ್ತಾನೆ. ಮತ್ತೆ ಓದುತ್ತ ಅಲ್ಲಿಗೆ ಬಂದವಳು ಆ ಸಾಲಿನ ಮೇಲೆ ಬೆರಳಿಟ್ಟಳು.

ಪುಸ್ತಕ ಮುಚ್ಚಿ ಅಡುಗೆಮನೆಗೆ ನಡೆದಳು. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಸುಮಲತಾ ಎಲ್ಲವನ್ನೂ ಹೇಳಿದಳು... ಹೆಸರು, ಕೇರಿ, ಪ್ರೀತಿ, ಸುಳ್ಳು.

ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಅವ್ವನ ಕೈ ಏಳಲಿಲ್ಲ.

“ನಿಜ ಗೊತ್ತಿದ್ರ ಆತನ್ನ ಒಳಗ ಕರೀತಿದ್ನೋ ಇಲ್ಲೋ, ನನಗೂ ತಿಳೀವಲ್ದು,” ಎಂದಳು ಕೊನೆಗೆ. “ನಾ ಎಂಥಾಕಿ ಅಂತ ನೋಡ್ಕೊಳ್ಳಾಕೂ ನೀ ಬಿಡ್ಲಿಲ್ಲಲ್ಲ, ಮಗಳ.”

ಅವ್ವ ಎದ್ದು ಹೋಗಿ ಒಳಕೋಣೆಯ ಬಾಗಿಲು ಹಾಕಿಕೊಂಡಳು.

ಸುಮಲತಾ ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಗುಡೇಕೋಟೆಯಲ್ಲಿ ಇಳಿದಾಗ ಬಂಡೆಗುಡ್ಡಗಳ ಮೇಲೆ ಬಿಸಿಲು ಬಾಗಿತ್ತು. ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದ ದುರುಗಮ್ಮ, ಯಾರವ್ವ ನೀನು ಎಂದಳು.

“ನಾನು ಸುಮಲತಾ, ಅಮ್ಮ. ನಿಮ್ಮ ಮಗನ ಹೆಸರು ಹೇಳಾಕ ಹೆದರಿದಾಕಿ.”

ಮುದುಕಿ ಮಡಿಲಿನ ಸಿಪ್ಪೆ ಕೊಡವಿ ಎದ್ದು, ಮಗನನ್ನು ಕೂಗಿ ಒಳಗೆ ಹೋದಳು.

ಹೊರಗೆ ಬಂದ ಮಾರೇಶನ ಮುಖ ಇಳಿದಿತ್ತು. ಅವ್ವನಿಗೆ ನಿಜ ಹೇಳಿ ಬಂದೆ ಎಂದಳು ಅವಳು.

“ಕತ್ತಲಿ ನನ್ನೊಳಗ ಇತ್ತು, ಮಾರೇಶ್. ಅವ್ವ ಒಪ್ಪೂದಿಲ್ಲ ಅಂತ ಆಕಿ ಮ್ಯಾಲ ಹಾಕಿ ಕುಂತಿದ್ದೆ.”

“ನಿಮ್ಮ ಮ್ಯಾಲಿನ ಸಿಟ್ಟು ಅವತ್ತ ಇಳೀತು,” ಎಂದ ಅವನು. “ನಿಮ್ಮವ್ವ ಮಹೇಶ ಅಂತ ಕರದಾಗ ನಾ ‘ಹೂಂರಿ’ ಅಂದೆ. ನನ್ನ ಹಡದಾಕಿ ಇಟ್ಟ ಹೆಸರ ಬಿಟ್ಟು ಆ ತುಪ್ಪ ಉಂಡೆ. ಅದು ನನ್ನ ನಿದ್ದಿ ಕೆಡಿಸೈತಿ. ನಿಮ್ಮ ಫೋನ್ ಎತ್ತಾಕ ಮುಖ ಇರಲಿಲ್ಲ.”

ಅವಳಿಗೆ ಅಳು ತಡೆಯಲಿಲ್ಲ. ಅವನ ಕಣ್ಣುಗಳೂ ತುಂಬಿದ್ದವು.

“ನನ್ನ ಮದ್ವಿ ಆಗ್ತೀರೇನು?” ಎಂದು ಕೇಳಿದಳು.

ಅವನು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. ಆ ಕೈ ಬಿಸಿಯಾಗಿತ್ತು.

“ನಾಳೆ ನಮ್ಮ ಮನಿಗೆ ಹೋಗೋಣು,” ಎಂದಳು ಕಣ್ಣೊರೆಸಿಕೊಂಡು. “ಅವ್ವ ಬಾಗ್ಲ ತೆಗೀತಾಳೋ ಇಲ್ಲೋ ಗೊತ್ತಿಲ್ಲ.”

“ತೆಗೀದಿದ್ರ?”

“ಹೊರಗ ಕಟ್ಟಿ ಐತಿ. ಇಬ್ರೂ ಅಲ್ಲೇ ಕುಂದ್ರೋಣು.”

“ಎಲ್ಲಿತನಾ?”

“ಆಕಿ ಬಂದು ‘ನಿನ್ನ ಹೆಸರೇನಪಾ’ ಅಂತ ಕೇಳೋತನಾ...”