ಸೀದ ಪಾಕದ ವಾಸನೆ

ನನ್ನ ಮಗಳು ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ನರ್ಸು. ಅವಳ ಹಳೇ ಕಾರು ದಾರಿಯಲ್ಲಿ ಕೈಕೊಟ್ಟರೆ ಎರಡು ಜೀವದ ಪ್ರಶ್ನೆ. ಹಾಗಾಗಿ ಎಂಜಿನ್ನಿನಿಂದ ಸಕ್ಕರೆ ಪಾಕ ಸೀದಂಥ ವಾಸನೆ ಬರತೊಡಗಿದಾಗ, ಮೆಕ್ಯಾನಿಕ್ ಆಗಿರುವ ನನ್ನ ತಮ್ಮನ ಶೆಡ್ಡಿಗೆ ಇಬ್ಬರೂ ಹೋದೆವು.

"ಸಿಹಿ ವಾಸನೆ ಅಂದ್ರೆ ಎಂಜಿನ್ ತಂಪಿಡೋ ಕೂಲೆಂಟ್ ನೀರು ಸೋರ್ತಿದೆ, ಅಕ್ಕ. ಹೆಂಡ್ತಿ ಮಾತಿಗಿಂತ ನನ್ನ ಮೂಗನ್ನೇ ನಂಬ್ತೀನಿ," ಎಂದ ತಮ್ಮ.

"ಅತ್ತೆಗೆ ಹೇಳ್ಲಾ, ಮಾಮ?" ಎಂದಳು ಮಗಳು.

ಅವನು ಪೈಪು ಬದಲಾಯಿಸಿದ, ಎಂಜಿನ್ ತೊಳೆದ, ಕಾರಿನ ಕೆಳಗೆ ರಟ್ಟು ಹಾಸಿ ಕಾದ. ರಟ್ಟಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ವಾಸನೆ ಮಾತ್ರ ಜಾಸ್ತಿಯಾಯಿತು. ಎಂಜಿನ್ ತಣ್ಣಗಾದ ಮೇಲೂ ಒಳಗೆ ಗುಳುಗುಳು ಕುದಿಯುವ ಸದ್ದು. ನೀರೆಲ್ಲ ಬಸಿದರೂ ಅದು ನಿಲ್ಲಲಿಲ್ಲ.

ಹಟಕ್ಕೆ ಬಿದ್ದ ತಮ್ಮ ಮರುದಿನ ಎಂಜಿನ್ನನ್ನೇ ಸರಪಳಿ ಕಟ್ಟಿ ಎತ್ತಿ, ಪಕ್ಕದಲ್ಲಿ ಇಳಿಸಿದ. ನಾನು ಬಗ್ಗಿ ಮೂಸಿದೆ. ಬರೀ ಎಣ್ಣೆಯ ವಾಸನೆ. ಮುಟ್ಟಿದರೆ ಕಬ್ಬಿಣ ತಣ್ಣಗಿತ್ತು.

"ಮತ್ತೆ ಈ ವಾಸನೆ ಎಲ್ಲಿಂದ, ಮಾಮ?" ಎನ್ನುತ್ತಾ ಮಗಳು ಕಾರಿನ ಖಾಲಿ ಹೊಟ್ಟೆಯೊಳಗೆ ಕೈ ಚಾಚಿದಳು. ಚಾಚಿದವಳೇ ಚೀರಿ ಹಿಂದೆಳೆದುಕೊಂಡಳು.

ತಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ಬಾನೆಟ್ ಮುಚ್ಚಿದ. ಕಾರಿನ ಕೀಲಿಕೈಯನ್ನು ಅವಳಿಗೆ ವಾಪಸು ಕೊಡಲಿಲ್ಲ.

ಆ ಸಂಜೆ ಹೆರಿಗೆಗೆ ಕರೆ ಬಂದಾಗ ಮಗಳು ಹೋಗುವಂತಿರಲಿಲ್ಲ. ಜೊತೆಯ ನರ್ಸನ್ನು ಬಾಡಿಗೆ ಗಾಡಿಯಲ್ಲಿ ಕಳಿಸಿದಳು. ತಾಯಿ, ಕೂಸು ಚೆನ್ನಾಗಿದ್ದಾರೆ. ಮಗಳ ಅಂಗೈ ನೋಡಿದ ಡಾಕ್ಟರು, ಇದು ಕುದಿಯುವ ನೀರಿನ ಆವಿ ತಗುಲಿ ಎದ್ದ ಬೊಬ್ಬೆ ಎಂದರು.